ನೇಜಿಯ ಸಾಲೂ ಕೂಲಿಯ ಲೆಕ್ಕವೂ

ಏಣೇಲು ಬೇಸಾಯದಲ್ಲಿ ಉಳುವುದು, ಅಂಚು ಕಟ್ಟುವುದು ಗಂಡಾಳಿನ ಕೆಲಸವೆಂದೂ, ನೇಜಿ ನೆಡುವುದು, ಕಳೆ ಕೀಳುವುದು ಹೆಣ್ಣಾಳಿನ ಕೆಲಸವೆಂದೂ ನಮ್ಮಲ್ಲಿ ರೂಢಿ. ಮೊದಲಿನದು ಭಾರದ ಕೆಲಸ, ಎರಡನೆಯದು ಹಗುರದ್ದು ಎಂದು ಕೂಲಿಯಲ್ಲಿಯೂ ಭೇದವಿರಿಸುವುದುಂಟು. ಇದು ಎಷ್ಟು ಸರಿಯೆಂಬುದನ್ನು ರೈತಬಂಧುಗಳು ಲೆಕ್ಕ ಹಾಕಿ ನೋಡಬೇಕು.

ಸಾಲಿನಿಂದ ಸಾಲಿಗೆ 20, ಬುಡದಿಂದ ಬುಡಕ್ಕೆ 15 ಸೆಂಟಿಮೀಟರು ಅಂತರವಿಟ್ಟರೆ ಚದರ ಮೀಟರಿಗೆ 33 ಬುಡಗಳು. ಎಕರೆಗೆ ಸುಮಾರು 1,35,000. ಹನ್ನೆರಡು ಮಂದಿ ಒಂದು ದಿನದಲ್ಲಿ ಮುಗಿಸಿದರೆ ಒಬ್ಬೊಬ್ಬಳ ಪಾಲಿಗೆ 11,000ಕ್ಕೂ ಮಿಕ್ಕಿ. ಅಷ್ಟು ಸಲ ಬಗ್ಗಿದ ಬೆನ್ನಿನಲ್ಲಿಯೇ ಕೆಸರಿಗೆ ಕೈಯೂರಬೇಕು. ಇದನ್ನು ಹಗುರವೆನ್ನಬಹುದೆ?

ಮೌಲ್ಯ ತಿಳಿಯದೆ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ಉಳುವವನು ಒಂಟಿ, ಅವನು ಮಾಡಿದ್ದು ಕಣ್ಣಿಗೆ ಕಾಣುತ್ತದೆ. ನೆಡುವವರು ಸಾಲಾಗಿ ನಿಲ್ಲುತ್ತಾರೆ. ಹಿಂದೆ ಬಿದ್ದವಳ ಪಾಲನ್ನು ಪಕ್ಕದವಳು ನೆಟ್ಟು ಸಾಲು ಕೂಡಿಸುತ್ತಾಳೆ. ಈ ಒಗ್ಗಟ್ಟಿನಿಂದಲೇ ಗದ್ದೆ ಬೇಗ ಮುಗಿಯುವುದು; ಆದರೆ ಯಾರ ದುಡಿಮೆ ಎಷ್ಟೆಂಬುದು ಅದರಲ್ಲಿ ಮುಚ್ಚಿಹೋಗಿ, ಕೂಲಿಯನ್ನು ರೂಢಿಯೇ ಗೊತ್ತುಮಾಡುತ್ತದೆ. ಕೂಲಿ ಸಾಲದೆ ತಂಡ ಬೇರೆ ಕೆಲಸಕ್ಕೆ ಹೋದರೆ ನಷ್ಟ ಗದ್ದೆಯವನಿಗೇ. ನೇಜಿ ಮಡಿಯಲ್ಲಿಯೇ ಬಲಿತರೆ ನೆಟ್ಟ ಮೇಲೆ ತೆಂಡೆಯೊಡೆಯುವುದು ಕಡಿಮೆ.

ಒಂದೇ ಕೆಲಸಕ್ಕೆ ಅಥವಾ ಅದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂದು ಕೂಲಿಯಲ್ಲಿ ಭೇದ ಮಾಡಕೂಡದೆಂದು 1976ರ ಸಮಾನ ವೇತನ ಕಾಯಿದೆ ವಿಧಿಸಿತು. ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಆದರೆ ಗಂಡಿನ ಕೆಲಸವೇ ಬೇರೆ, ಹೆಣ್ಣಿನದೇ ಬೇರೆ ಎಂದು ವಿಂಗಡಿಸಿಟ್ಟಲ್ಲಿ ಕಾಯಿದೆಯ ಕೈ ಸುಲಭವಾಗಿ ಮುಟ್ಟುವುದಿಲ್ಲ. ಅಲ್ಲಿ ರೈತನೇ ನ್ಯಾಯ ನೋಡಬೇಕು.

ಅನುಸರಿಸತಕ್ಕ ಕ್ರಮ ಹೀಗಿದೆ:

1. ಗದ್ದೆಯನ್ನು ಅಳೆದು, ನೆಡುವ ದರವನ್ನು ತಂಡದೊಡನೆ ಮೊದಲೇ ಮಾತಾಡಿರಿ. ಗಂಡಸರು ನೆಟ್ಟರೂ ಹೆಂಗಸರು ನೆಟ್ಟರೂ ದರ ಒಂದೇ ಇರಲಿ.

2. ನೇಜಿ ಕಿತ್ತು ಸೂಡಿ ಕಟ್ಟುವವರನ್ನೂ ತಂಡದಲ್ಲಿ ಸೇರಿಸಿ ಸಮಪಾಲು ಮಾಡಿರಿ.

3. ಒಬ್ಬಳ ದಿನದ ಪಾಲು ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಇಳಿಯಕೂಡದು.

4. ಹಣವನ್ನು ಮೇಸ್ತ್ರಿಯ ಅಥವಾ ಗಂಡನ ಕೈಗಲ್ಲ, ದುಡಿದವಳ ಕೈಗೇ ಕೊಡಿರಿ.

ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಹೆಂಗಸರ ತಂಡಗಳು ಗದ್ದೆಗಳನ್ನು ಗೇಣಿಗೆ ಹಿಡಿದು ತಾವೇ ಬೇಸಾಯ ನಡೆಸಿವೆ. ಅಲ್ಲಿ ನೆಟ್ಟವರಿಗೆ ಬರುವುದು ದಿನಗೂಲಿಯಲ್ಲ, ಬೆಳೆಯ ಪಾಲು. ಕೂಡಿ ದುಡಿಯುವ ಅದೇ ಗುಣಕ್ಕೆ ತಕ್ಕ ಬೆಲೆಯನ್ನು ನಮ್ಮ ಗದ್ದೆಗಳಲ್ಲಿಯೂ ಕೊಡುವುದು ಕಷ್ಟವಲ್ಲ. ಬರುವ ನಾಟಿಗೆ ಮುಂಚೆ ಪ್ರತಿಯೊಂದು ಮನೆಯಲ್ಲಿಯೂ ಈ ಲೆಕ್ಕ ನಡೆಯಲಿ.