ಮನೆಗೊಂದು ಸದ್ದಿಲ್ಲದ ಗಣಕಯಂತ್ರ

ಕನ್ನಡ ಮಾಷ್ಟ್ರು ಸಂಧಿ ಸಮಾಸಗಳನ್ನು ಬಿಟ್ಟು ಗಣಕಯಂತ್ರದ ವಿಷಯ ಬರೆಯಲು ಹೊರಟಿದ್ದಾರಲ್ಲಾ ಎಂದು ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು. ಇದಕ್ಕೆ ಕಾರಣರು ಇಬ್ಬರು. ಒಬ್ಬರು ನನ್ನ ತಂದೆಯವರು, ಇನ್ನೊಬ್ಬರು ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳ ತಾಯಿ.

ತಂದೆಯವರ ಬಳಿ ತಾಳಮದ್ದಳೆಯ ಕ್ಯಾಸೆಟ್ಟುಗಳು ಅರುವತ್ತರಷ್ಟಿದ್ದವು. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಹಾಳಾಗುವ ಮೊದಲು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಟ್ಟೆ. ಆಗ ನಮ್ಮಲ್ಲಿದ್ದುದು ಯಾವುದೋ ಕಚೇರಿಯಿಂದ ಹೊರಬಿದ್ದ ಹಳೆಯ ದೊಡ್ಡ ಪೆಟ್ಟಿಗೆ. ರಾತ್ರಿ ಊಟವಾದ ಮೇಲೆ ಅವರು ಅದರ ಮುಂದೆ ಕುಳಿತು ಕೇಳುವರು. ಭಾಗವತರ ಪದಕ್ಕೇನೂ ತೊಂದರೆಯಿಲ್ಲ, ಮದ್ದಳೆಯ ಪೆಟ್ಟಿಗಂತೂ ಇಲ್ಲವೇ ಇಲ್ಲ. ಆದರೆ ಕರ್ಣನ ಅರ್ಥ ಹೇಳುವವರು ಸ್ವರವನ್ನು ತಗ್ಗಿಸಿ, ಮಾತಿನ ನಡುವೆ ನಿಲ್ಲಿಸಿ ನಿಲ್ಲಿಸಿ ಹೇಳತೊಡಗಿದರೆಂದರೆ ಪೆಟ್ಟಿಗೆಯೊಳಗಿನ ಫ್ಯಾನಿನ ‘ಭರ್’ ಎಂಬ ಸದ್ದೇ ಮುಂದಾಗುತ್ತಿತ್ತು. ಒಂದು ದಿನ ತಂದೆಯವರು, “ಹೊರಗೆ ಮಳೆ ಬರುತ್ತಾ ಉಂಟೋ?” ಎಂದು ಕೇಳಿದರು. ಅದು ಮಾರ್ಚ್ ತಿಂಗಳು! ಯಂತ್ರ ಬಿಸಿಯಾಗುವುದರಿಂದ ಹೀಗಾಗುತ್ತಿರಬೇಕೆಂದು ತಿಳಿದು ನಾನು ಇನ್ನೊಂದು ಫ್ಯಾನನ್ನು ತಂದು ಕೂರಿಸಿದೆ. ಮಳೆ ಜೋರಾಯಿತು.

ಇನ್ನು ಎರಡನೆಯವರ ವಿಷಯ. ಬೀಡಿ ಕಟ್ಟಿ ಮನೆ ನಡೆಸುವ ಆ ತಾಯಿ 2025ರ ಶಾಲಾರಂಭದ ದಿನಗಳಲ್ಲಿ ಬಂದು ಒಂದು ಕಾಗದವನ್ನು ನನ್ನ ಮುಂದಿಟ್ಟರು. ಮಗಳಿಗೆ ಕಂಪ್ಯೂಟರು ಬೇಕು, ಚಿಟ್‌ಫಂಡಿನ ಹಣ ಕೈಗೆ ಬರುತ್ತದೆ, ಅಂಗಡಿಯಲ್ಲಿ ಬರೆದುಕೊಟ್ಟ ಲೆಕ್ಕ ಇದು ಎಂದರು. ನೋಡುತ್ತೇನೆ: ಗಾಜಿನ ಬದಿಯ ಪೆಟ್ಟಿಗೆ, ಬಣ್ಣದ ದೀಪವಿರುವ ನಾಲ್ಕು ಫ್ಯಾನು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು, 650 ವಾಟಿನ ಎಸ್‌ಎಂಪಿಎಸ್. ಒಟ್ಟು 55,000 ರೂಪಾಯಿಗೆ ಹತ್ತಿರ. “ಮಾಷ್ಟ್ರೇ, ನಮ್ಮದು ಒಂದೇ ಕೋಣೆ. ನಾನು ರಾತ್ರಿ ಹನ್ನೊಂದರ ತನಕ ಅಲ್ಲೇ ಬೀಡಿ ಕಟ್ಟುವುದು, ಅತ್ತೆ ಅಲ್ಲೇ ಮಲಗುವುದು. ಇದು ಬೊಬ್ಬೆ ಹೊಡೆಯಲಿಕ್ಕಿಲ್ಲವಲ್ಲ?” ಎಂದು ಅವರು ಕೇಳಿದರು. ಕಾಗದ ಬರೆದುಕೊಟ್ಟವರು ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ, ಅವರು ಕೇಳಿರಲಿಲ್ಲ.

ಗಣಕಯಂತ್ರಕ್ಕೆ ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ವಿಚಾರಿಸೋಣ. ಲೆಕ್ಕ ಮಾಡುವ ಚಿಪ್ಪಿನಲ್ಲಿ ತಿರುಗುವ ಭಾಗ ಯಾವುದೂ ಇಲ್ಲ, ಅದು ಮೌನವಾಗಿಯೇ ದುಡಿಯುತ್ತದೆ. ಆದರೆ ಅದು ತೆಗೆದುಕೊಳ್ಳುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರುತ್ತದೆ. 65 ವಾಟ್ ವಿದ್ಯುತ್ತನ್ನು ತಿನ್ನುವ ಚಿಪ್ಪು, ಅಂಗೈಗಿಂತ ಚಿಕ್ಕ ಜಾಗದಲ್ಲಿ ಹಳೆಯ ಕಾಲದ 60 ವಾಟಿನ ಬಲ್ಬಿನಷ್ಟು ಬಿಸಿಯನ್ನು ಕೊಡುತ್ತದೆ. ಉರಿಯುತ್ತಿದ್ದ ಆ ಬಲ್ಬನ್ನು ಮುಟ್ಟಿ ನೋಡಿದ ಅನುಭವ ನಿಮ್ಮ ತಂದೆತಾಯಿಯರಿಗೆ ಇದ್ದೀತು. ಈ ಬಿಸಿಯನ್ನು ಹೊರಗಟ್ಟಲು ಗಾಳಿ ಬೇಕು, ಗಾಳಿಗೆ ಫ್ಯಾನು ಬೇಕು, ಫ್ಯಾನು ತಿರುಗಿದರೆ ಸದ್ದು. ಆದುದರಿಂದ ಸದ್ದಿನ ಬೇರು ಇರುವುದು ಫ್ಯಾನಿನಲ್ಲಲ್ಲ, ಶಾಖದಲ್ಲಿ. ನಾನು ಇನ್ನೊಂದು ಫ್ಯಾನನ್ನು ತಂದುದು ಬೇರಿಗೆ ನೀರೆರೆದು ಎಲೆ ಕೊಯ್ದಂತಾಯಿತು.

ಸದ್ದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಇದರ ಲೆಕ್ಕ ಸಾಮಾನ್ಯ ಕೂಡುವಿಕೆಯಂತೆ ಅಲ್ಲ. 30 ಡೆಸಿಬೆಲಿನ ಒಂದು ಫ್ಯಾನಿನ ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ಇಟ್ಟರೆ 60 ಆಗುವುದಿಲ್ಲ, 33 ಆಗುತ್ತದೆ. ನಮ್ಮ ಕಿವಿಗೆ ‘ಸದ್ದು ಎರಡರಷ್ಟಾಯಿತು’ ಎಂದೆನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಇಲ್ಲಿ ನಮಗೆ ಲಾಭವಾಗುವ ಒಂದು ಸಂಗತಿಯಿದೆ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದು ಸಾಗಿಸುವ ಗಾಳಿಯೂ ಅರ್ಧವಾಗುತ್ತದೆ. ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಎಂದರೆ ಕಿವಿಗೆ ಮೂರನೆಯ ಒಂದು ಪಾಲಷ್ಟೇ ಕೇಳಿಸುತ್ತದೆ. ಅರ್ಧ ಗಾಳಿ ಸಾಕಾಗುವಂಥ ಯಂತ್ರವನ್ನು ಆರಿಸಿಕೊಂಡರೆ ಕೆಲಸದ ದೊಡ್ಡ ಪಾಲು ಅಲ್ಲಿಗೇ ಮುಗಿಯಿತು. ಅಗಲವಾದ ಎಸಳುಗಳ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ, ಚಿಕ್ಕ ಫ್ಯಾನು ಕಿರುಚಿಕೊಂಡು ಕೊಡುವಷ್ಟೇ ಗಾಳಿಯನ್ನು ಕೊಡುತ್ತದೆ.

ಫ್ಯಾನಿನ ನಂತರದ ಅಪರಾಧಿ ಹಾರ್ಡ್ ಡಿಸ್ಕು. ಅದರೊಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಈ ಅದುರುವಿಕೆ ತೀರಾ ಚಿಕ್ಕದು, ಆದರೆ ತಗಡಿನ ಪೆಟ್ಟಿಗೆಗೂ ಅದರ ಕೆಳಗಿನ ಮರದ ಮೇಜಿಗೂ ದಾಟಿದಾಗ ದೊಡ್ಡದಾಗುತ್ತದೆ. ತಂಬೂರಿಯ ತಂತಿಯ ನಾದವನ್ನು ಬುರುಡೆ ಹಿಗ್ಗಿಸಿಕೊಡುವ ರೀತಿಯೇ ಇದು. ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿಯನ್ನು ಹಾಕಿದರೆ ಈ ಸದ್ದು ಪೂರ್ತಿ ಹೋಗುತ್ತದೆ, ಯಂತ್ರವೂ ಬೇಗನೆ ಎಚ್ಚರಗೊಳ್ಳುತ್ತದೆ. ಜಾಗ ಸಾಲದೆಂಬ ಭಯ ಬೇಡ. 128 ಕೆಬಿಪಿಎಸ್ ಎಂಪಿ3 ಧ್ವನಿಗೆ ಗಂಟೆಯೊಂದಕ್ಕೆ 58 ಮೆಗಾಬೈಟ್ ಸಾಕು. ತಂದೆಯವರ 60 ಕ್ಯಾಸೆಟ್ಟುಗಳು, ಒಂದೊಂದು 90 ನಿಮಿಷದ್ದು, ಒಟ್ಟು 90 ಗಂಟೆ. ಸುಮಾರು 5 ಗಿಗಾಬೈಟು! 256 ಗಿಗಾಬೈಟಿನ ಎಸ್‌ಎಸ್‌ಡಿಯ ಒಂದು ಮೂಲೆಯೂ ತುಂಬಲಿಲ್ಲ. ಆದರೆ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿಟ್ಟು, ಬೇಕಾದಾಗ ಮಾತ್ರ ಅದನ್ನು ಸಿಕ್ಕಿಸಿಕೊಳ್ಳಿರಿ.

ಈಗ ಚಿಪ್ಪಿನ ಆಯ್ಕೆ. ಇಲ್ಲಿ ನನ್ನ ವ್ಯಾಕರಣ ಸ್ವಲ್ಪ ಉಪಯೋಗಕ್ಕೆ ಬಂತೆನ್ನಬೇಕು. ಇಂಟೆಲ್ ಕಂಪೆನಿಯ ಚಿಪ್ಪಿನ ಹೆಸರು ‘ಐ5-7500ಟಿ’ ಎಂದಿದೆ ಎನ್ನೋಣ. ಗೆರೆಯ ನಂತರದ 7 ಎಂಬುದು ಏಳನೆಯ ತಲೆಮಾರನ್ನು ಹೇಳುತ್ತದೆ. (10400 ಎಂಬಂತೆ ಐದು ಅಂಕಿಗಳಿದ್ದರೆ ಮೊದಲಿನ ಎರಡನ್ನು ಒಟ್ಟಿಗೆ ಓದಬೇಕು, ಅದು ಹತ್ತನೆಯದು.) ಕೊನೆಯ ಅಕ್ಷರವೇ ಪ್ರತ್ಯಯ. ಪ್ರಕೃತಿಗೆ ಹತ್ತುವ ಪ್ರತ್ಯಯದಿಂದ ಅರ್ಥ ಬೇರೆಯಾಗುವಂತೆ ಇಲ್ಲಿಯೂ ಆಗುತ್ತದೆ. ಐ5-7500 ಎಂದಷ್ಟೇ ಇದ್ದರೆ ಅದರ ಶಾಖದ ಅಂಕ 65 ವಾಟ್, ‘ಟಿ’ ಹತ್ತಿದರೆ 35 ವಾಟ್. ಅದೇ ತಲೆಮಾರಿನ ಐ5-7600ಕೆ ಎಂಬುದಕ್ಕೆ 91 ವಾಟ್. ಅಂಗಡಿಯಲ್ಲಿ ‘ಕೆ’ ಎಂದು ಕಂಡರೆ ನಮಗೆ ಬೇಡ, ‘ಟಿ’ ಎಂದಿದ್ದರೆ ಕುಳಿತು ಮಾತಾಡಬಹುದು.

ಏಳನೆಯ ತಲೆಮಾರನ್ನು ಉದಾಹರಣೆಗೆ ತೆಗೆದುಕೊಂಡುದು ಸುಮ್ಮನೆ ಅಲ್ಲ. ವಿಡಿಯೋಗಳನ್ನು ಇದ್ದ ಹಾಗೆಯೇ ಕಳುಹಿಸಿದರೆ ಯಾವ ತಂತಿಯೂ ತಾಳದು. ಒತ್ತಿ ಮಡಚಿ ಕಳುಹಿಸುತ್ತಾರೆ, ನಮ್ಮ ಯಂತ್ರ ಅದನ್ನು ಬಿಡಿಸಿ ತೋರಿಸಬೇಕು. ಬಿಡಿಸುವ ಕೆಲಸಕ್ಕೆಂದೇ ಚಿಪ್ಪಿನ ಒಂದು ಮೂಲೆಯಲ್ಲಿ ಪ್ರತ್ಯೇಕ ವ್ಯವಸ್ಥೆಯಿದ್ದರೆ ಅದು ತಣ್ಣಗೆ ನಡೆಯುತ್ತದೆ. ಇಲ್ಲವಾದರೆ ಇಡೀ ಚಿಪ್ಪು ಬೆವರಿಳಿಸಿ ದುಡಿಯಬೇಕು, ಕೂಡಲೇ ಫ್ಯಾನಿನ ಆರ್ಭಟ. 2017ರ ಆರಂಭದಲ್ಲಿ ಮೇಜಿನ ಕಂಪ್ಯೂಟರುಗಳಿಗೆ ಬಂದ ಏಳನೆಯ ತಲೆಮಾರು ವಿಪಿ9, ಎಚ್‌ಇವಿಸಿ ಎಂಬ ಎರಡು ಮಡಿಕೆಗಳನ್ನೂ 10 ಬಿಟ್ಟಿನ ವರೆಗೆ ತಾನೇ ಬಿಡಿಸಬಲ್ಲುದು. ಎವಿ1 ಎಂಬ ಇನ್ನೂ ಹೊಸ ಮಡಿಕೆ ಅದಕ್ಕೆ ಬಾರದು. ಹೊಸದೇ ಬೇಕು ಎನ್ನುವವರಿಗೆ 2023ರಲ್ಲಿ ಬಂದ ಎನ್100 ಎಂಬ ಚಿಪ್ಪಿದೆ; ಶಾಖದ ಅಂಕ ಬರೇ 6 ವಾಟ್, ಎವಿ1 ಕೂಡ ಬಿಡಿಸುತ್ತದೆ. ಫ್ಯಾನೇ ಇಲ್ಲದೆ, ಲೋಹದ ರೆಕ್ಕೆಗಳಿಂದಲೇ ತಣಿಯುವ ಬೋರ್ಡುಗಳೂ ಈ ಚಿಪ್ಪಿನೊಂದಿಗೆ ಬಂದಿವೆ. ಗ್ರಾಫಿಕ್ಸ್ ಕಾರ್ಡು ಮೇಲಿನ ಎರಡಕ್ಕೂ ಬೇಡ. ಆ ತಾಯಿಯ ಕಾಗದದಲ್ಲಿ ಹೆಚ್ಚು ಹಣವನ್ನು ನುಂಗಿದ್ದುದೂ, ಹೆಚ್ಚು ಬೊಬ್ಬೆ ಹೊಡೆಯುತ್ತಿದ್ದುದೂ ಅದೇ. ಕಡಿಮೆ ಬೆಲೆಯೂ ಕಡಿಮೆ ಸದ್ದೂ ಒಂದೇ ಕಡೆ ಸಿಗುವ ಸಂದರ್ಭ ಲೋಕದಲ್ಲಿ ಅಪರೂಪ, ಇದು ಅಂಥದೊಂದು.

ಹಾಗಾಗಿ ನಾವು ಕೊಂಡುದು ಕಚೇರಿಗಳಲ್ಲಿ ಬಳಸಿ ಬಿಟ್ಟ ಚಿಕ್ಕ ಯಂತ್ರವನ್ನು. ಡೆಲ್, ಎಚ್‌ಪಿ, ಲೆನೊವೊ ಮೂವರೂ ದಪ್ಪ ಪುಸ್ತಕದಷ್ಟೇ ಗಾತ್ರದ ಇಂಥ ಪೆಟ್ಟಿಗೆಗಳನ್ನು ಮಾಡಿದ್ದಾರೆ. ಲ್ಯಾಪ್‌ಟಾಪಿನಂತೆ ಇವುಗಳ ವಿದ್ಯುತ್ ಅಡಾಪ್ಟರು ಹೊರಗಿರುವುದರಿಂದ ಎಸ್‌ಎಂಪಿಎಸ್‌ನ ಫ್ಯಾನು ಎಂಬುದೇ ಇಲ್ಲ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಎಂಟನೆಯ ತಲೆಮಾರಿನಿಂದ ಈಚಿನ ಇಂಟೆಲ್ ಚಿಪ್ಪುಗಳನ್ನೇ ಕೇಳುತ್ತದೆ. ಹೀಗಾಗಿ ಚೆನ್ನಾಗಿ ನಡೆಯುವ ಏಳನೆಯ ತಲೆಮಾರಿನ ಯಂತ್ರಗಳನ್ನೂ ಕಚೇರಿಗಳು ಹೊರಹಾಕಿವೆ. ನಮಗೆ ಇದರಿಂದ ನಷ್ಟವಿಲ್ಲ. ಶಾಲೆಯ ಐಟಿ ಕೋಣೆಯಲ್ಲಿ ನೀವು ದಿನವೂ ಬಳಸುವ ಕೈಟ್ ಗ್ನೂ/ಲಿನಕ್ಸ್ ಇಂಥ ಯಂತ್ರಗಳಲ್ಲಿ ಸಲೀಸಾಗಿ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ, ಮನೆಗೆ ಒಯ್ಯಲು ಯಾರ ಅಪ್ಪಣೆಯೂ ಬೇಡ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡವನ್ನೂ ಮಲಯಾಳವನ್ನೂ ಒಂದೇ ಕೀಲಿಮಣೆಯಿಂದ ಬರೆಯಬಹುದು; ‘ಕ’ ಎರಡರಲ್ಲಿಯೂ ಒಂದೇ ಕೀಲಿಯಲ್ಲಿದೆ. ಎರಡು ಲಿಪಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ಬಳಸಿದ ಯಂತ್ರವನ್ನು ತಂದ ಕೂಡಲೇ ತೆರೆದು ಶುಚಿಮಾಡಬೇಕು. ಮೊದಲು ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿರಿ. ನಾವು ತಂದ ಯಂತ್ರದ ತಾಮ್ರದ ರೆಕ್ಕೆಗಳ ನಡುವೆ ಧೂಳು ಹಳೆಯ ಕಂಬಳಿಯ ತುಂಡಿನಂತೆ ಒತ್ತಿಕೊಂಡಿತ್ತು. ಮೃದುವಾದ ಬ್ರಷ್ಷಿನಿಂದ ಅದನ್ನು ತೆಗೆಯಬೇಕು. ಆಗ ಫ್ಯಾನಿನ ಎಸಳನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು. ಊದಿ ಗಿರ್ರನೆ ತಿರುಗಿಸಿದರೆ ಅದರ ಬೇರಿಂಗು ಕೆಡುತ್ತದೆ. ಚಿಪ್ಪಿಗೂ ತಾಮ್ರಕ್ಕೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟು ವರ್ಷಗಳಾದಂತೆ ಒಣಗಿ ಸುಣ್ಣದಂತಾಗಿರುತ್ತದೆ. ಎಷ್ಟು ನಯವಾದ ಲೋಹವಾದರೂ ಎರಡು ಮೈಗಳ ನಡುವೆ ಸೂಕ್ಷ್ಮ ಗುಳಿಗಳಲ್ಲಿ ಗಾಳಿ ಉಳಿಯುತ್ತದೆ. ಗಾಳಿ ಶಾಖವನ್ನು ಸುಲಭವಾಗಿ ದಾಟಿಸದು. ಆ ಗುಳಿಗಳನ್ನು ತುಂಬುವುದೇ ಪೇಸ್ಟಿನ ಕೆಲಸ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೊಸದನ್ನು ಹೆಸರುಕಾಳಿನಷ್ಟು ಇಟ್ಟು, ತಿರುಪುಗಳನ್ನು ಓರೆಯಾಗಿ ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ದೋಸೆಗೆ ಬೆಣ್ಣೆ ಹಚ್ಚಿದಂತೆ ಬಳಿಯುವುದು ಬೇಡ. ಇಷ್ಟು ಮಾಡಿದಾಗ, ವಿಡಿಯೋ ಓಡುತ್ತಿರುವಾಗಿನ ಚಿಪ್ಪಿನ ಉಷ್ಣತೆ 74 ಡಿಗ್ರಿ ಇದ್ದುದು 56ಕ್ಕೆ ಇಳಿಯಿತು. ಫ್ಯಾನು ಇದೆಯೋ ಇಲ್ಲವೋ ಎಂಬಷ್ಟಕ್ಕೆ ಬಂತು. ದೊಡ್ಡ ಪೆಟ್ಟಿಗೆ ಇರುವವರಿಗೆ ಒಂದು ಮಾತು: ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ತೆರೆಯಬಾರದು. ಪ್ಲಗ್ ಕಿತ್ತ ಮೇಲೆಯೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಯಂತ್ರವನ್ನು ಬಾಗಿಲು ಮುಚ್ಚಿದ ಕಪಾಟಿನಲ್ಲಿಡಬೇಡಿರಿ; ತನ್ನ ಬಿಸಿಯನ್ನೇ ತಾನು ಮತ್ತೆ ಕುಡಿದು ಸದ್ದು ಮಾಡುತ್ತದೆ. ಕೆಳಗೆ ಸೈಕಲ್ ಟ್ಯೂಬಿನ ನಾಲ್ಕು ತುಂಡುಗಳನ್ನಿಟ್ಟರೆ ಮೇಜಿಗೆ ಅದುರು ದಾಟುವುದಿಲ್ಲ. ನಮ್ಮೂರಿನ ತುಲಾಮಾಸದ ಗುಡುಗು ಸಿಡಿಲುಗಳಿಗೆ ವಿದ್ಯುತ್ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಎರಡನ್ನೂ ಕೀಳಬೇಕು. ಹಲವರು ಮೊದಲನೆಯದನ್ನು ಮಾತ್ರ ಕಿತ್ತು ನೆಮ್ಮದಿಯಿಂದಿರುತ್ತಾರೆ.

ಆ ಮನೆಗೆ 2025ರ ಜೂನಿನಲ್ಲಿ ಆದ ಖರ್ಚು ಹೀಗಿದೆ: 8 ಗಿಗಾಬೈಟ್ ಮೆಮೊರಿಯೊಂದಿಗೆ ಬಳಸಿದ ಯಂತ್ರ 11,000, ಎಸ್‌ಎಸ್‌ಡಿ 1,800, ಬಳಸಿದ ಮಾನಿಟರು 3,000, ಕೀಬೋರ್ಡು ಮೌಸು 700, ಸ್ಪೀಕರು 600, ಪೇಸ್ಟು ಬ್ರಷ್ಷು ಇತ್ಯಾದಿ 250; ಒಟ್ಟು 17,350 ರೂಪಾಯಿ. ಆ ವರ್ಷದ ಕೊನೆಯಿಂದ ಮೆಮೊರಿಯ ಬೆಲೆ ಲೋಕದಲ್ಲೆಲ್ಲ ಏರಿದುದರಿಂದ ಈ ಲೆಕ್ಕವನ್ನು ಹಿಡಿದುಕೊಂಡು ಇಂದು ಅಂಗಡಿಗೆ ಹೋಗಬೇಡಿ. ಮೆಮೊರಿ ಸೇರಿಯೇ ಬರುವ ಯಂತ್ರವನ್ನು ಕೇಳಿರಿ, ಕನಿಷ್ಠ ಆರು ತಿಂಗಳ ಗ್ಯಾರಂಟಿಯನ್ನು ಬರೆಸಿಕೊಳ್ಳಿರಿ. ಕರೆಂಟಿನ ಲೆಕ್ಕವೂ ಇದೆ. ನನ್ನ ಹಳೆಯ ಪೆಟ್ಟಿಗೆ ಮಾನಿಟರನ್ನು ಬಿಟ್ಟು 85 ವಾಟ್ ಎಳೆಯುತ್ತಿತ್ತು, ಅದರ ಬದಲಿಗೆ ತಂದ ಇಂಥದೇ ಚಿಕ್ಕದು 15 ವಾಟ್ ಎಳೆಯುತ್ತದೆ. ದಿನಕ್ಕೆ 5 ಗಂಟೆಯಂತೆ, ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಎಷ್ಟು ಯೂನಿಟ್ ಉಳಿಯಿತೆಂಬುದನ್ನು ಎಂಟನೆಯ ತರಗತಿಯವರು ಮಾಡಿ ನೋಡಲಿ. ಉತ್ತರ 21 ಬರಬೇಕು.

ತಿಂಗಳಾದ ಮೇಲೆ ಆ ಹುಡುಗಿಯನ್ನು ವಿಚಾರಿಸಿದೆ. ಅಜ್ಜಿಗೆ ನಿದ್ದೆ ಬರುತ್ತದಂತೆ. ತಾಯಿ ಬೀಡಿ ಕಟ್ಟುತ್ತಾ ಯಕ್ಷಗಾನ ಕೇಳುತ್ತಾರಂತೆ, ಇವಳಿಗೆ ಓದುವುದಕ್ಕೆ ಯಂತ್ರ ಸಿಗುವುದೇ ಕಷ್ಟವಂತೆ. ಅದಕ್ಕೆ ನನ್ನ ಬಳಿ ಮದ್ದಿಲ್ಲ.

ಐಟಿ ಕೋಣೆಯ ಮೂಲೆಯಲ್ಲಿ ಎರಡು ಕೆಟ್ಟ ಸಿಪಿಯುಗಳಿವೆ. ಫ್ಯಾನು ಬಿಚ್ಚಿ ಪೇಸ್ಟು ಹಚ್ಚುವುದನ್ನು ಕಲಿಯಬೇಕೆನ್ನುವವರು ಶನಿವಾರ ಮಧ್ಯಾಹ್ನ ಬರಬಹುದು, ಹೆತ್ತವರಿಗೂ ಸ್ವಾಗತ. ಬರುವಾಗ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು, ತಿರುಪುಗಳನ್ನು ಹಾಕಿಡಲು ಒಂದು ಚಿಕ್ಕ ಬಟ್ಟಲು ತನ್ನಿರಿ.