ನಿನ್ನ ಸ್ನೇಹಿತನಿಗೆ ಹೇಳು, ಮಗ

ಹಬ್ಬದ ದಿನ ಎಲೆ ಮುಂದೆ ಕೂತು ನೀನು ಕೇಳಿದ್ದಕ್ಕೆ ಅವತ್ತು ನಾನು ಉತ್ತರ ಕೊಡಲಿಲ್ಲ. ಮನೆ ತುಂಬ ಜನ. 'ಅಜ್ಜಿ, ರೂಮಲ್ಲಿ ನನ್ನ ಫ್ರೆಂಡ್ ಒಬ್ಬನಿಗೆ ಮೂಲವ್ಯಾಧಿ. ಎರಡು ತಿಂಗಳಿಂದ ಹೊರಕಡೆ ಹೋದಾಗ ರಕ್ತ ಬೀಳುತ್ತಂತೆ, ದಿನಕ್ಕೆ ಐದಾರು ಸಲ ಓಡ್ತಾನೆ. ಯಾವ ಮಾತ್ರೆ ತಗೋಬೇಕು?' ಅಂದೆ. ಗುಂಡ್ಲುಪೇಟೆ ಸುತ್ತಿನ ಹಳ್ಳಿಗಳಲ್ಲಿ ನರ್ಸಮ್ಮ ಅನ್ನಿಸಿಕೊಂಡು ಮೂವತ್ತು ವರ್ಷಕ್ಕೂ ಮೇಲೆ ತಿರುಗಿದವಳು ನಾನು. ಕೆಲಸಕ್ಕೆ ಸೇರಿದಾಗ ಇದಿನ್ನೂ ಮೈಸೂರು ಜಿಲ್ಲೆ. ಸ್ನೇಹಿತನ ಹೆಸರಲ್ಲಿ ಬಂದ ಕಾಯಿಲೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಇರಲಿ, ಅವನಿಗೇ ಅಂತ ತಿಳಿದು ಬರೆಯುತ್ತೇನೆ.

ಮೊದಲು ನನ್ನ ತಪ್ಪು ಕೇಳು. ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ ಒಬ್ಬ ಹುಡುಗಿ ಇದನ್ನೇ ಹೇಳಿಕೊಂಡು ನನ್ನ ಹತ್ತಿರ ಬಂದಿದ್ದಳು. 'ಉಷ್ಣ ಕಣವ್ವ, ಮಜ್ಜಿಗೆ ಕುಡಿ' ಅಂದೆ. ಮತ್ತೆ ಬಂದಳು, ಮೂಲವ್ಯಾಧಿ ಅಂದೆ. ವರ್ಷದ ಮೇಲೆ, ಕಡ್ಡಿಯಂತಾದ ಮೇಲೆ, ಮೈಸೂರಿನಲ್ಲಿ ಕೊಳವೆ ಹಾಕಿ ನೋಡಿದರೆ ದೊಡ್ಡ ಕರುಳಿನ ಒಳಗೋಡೆಯೆಲ್ಲ ಹುಣ್ಣು. ಅಲ್ಸರೇಟಿವ್ ಕೊಲೈಟಿಸ್. ಈಗ ಮಾತ್ರೆ ನುಂಗಿಕೊಂಡು ಚೆನ್ನಾಗಿದ್ದಾಳೆ, ಸಂತೆಯಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ. ನನಗೇ ಅವಳ ಮುಖ ನೋಡಲು ಆಗುವುದಿಲ್ಲ.

ಅದರದೇ ದಾಯಾದಿ ಕ್ರೋನ್ಸ್ ಕಾಯಿಲೆ. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಜೊತೆಯವರು ಅದರ ಬಗ್ಗೆ ಬರೆದದ್ದರಿಂದ ಆ ಹೆಸರು. ಅದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯನ್ನು ಆಳದವರೆಗೂ ಕೊರೆಯಬಹುದು. ಎರಡಕ್ಕೂ ಸೇರಿ ಕರುಳಿನ ಉರಿಯೂತದ ಕಾಯಿಲೆ, ಐಬಿಡಿ ಅನ್ನುತ್ತಾರೆ. ಊರು ಕಾಯಬೇಕಾದ ಕಾವಲುಗಾರನೇ ಮನೆಗೆ ಬೆಂಕಿ ಇಟ್ಟ ಹಾಗೆ, ಮೈಯ ರಕ್ಷಣೆಯ ಪಡೆ ಸ್ವಂತ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಹೆಚ್ಚಾಗಿ ನಿಮ್ಮ ವಯಸ್ಸಿನಲ್ಲೇ ಶುರು. ಅಂಟುವ ರೋಗವಲ್ಲ.

ಯಾಕೆ ಬರುತ್ತದೆ ಅಂತ ಕೇಳಿದರೆ ಒಂದೇ ಉತ್ತರವಿಲ್ಲ. ಹುಟ್ಟಿನಿಂದ ಬಂದದ್ದು ಸ್ವಲ್ಪ, ಕರುಳಿನಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳದ್ದು ಸ್ವಲ್ಪ, ನಾವು ಬದುಕುವ ರೀತಿಯದ್ದು ಸ್ವಲ್ಪ. ಆ ಕೊನೆಯದನ್ನು ಬಿಡಿಸಿ ತೋರಿಸಿದವರಲ್ಲಿ ನನ್ನಂಥ ನರ್ಸುಗಳೂ ಇದ್ದಾರೆ ಅನ್ನುವುದು ನನಗೊಂದು ಹೆಮ್ಮೆ. ಅಮೆರಿಕದಲ್ಲಿ 1976ರಲ್ಲಿ ಲಕ್ಷಕ್ಕೂ ಹೆಚ್ಚು ನರ್ಸುಗಳು ತಮ್ಮ ಊಟ, ನಿದ್ದೆ, ಮಾತ್ರೆಗಳ ಲೆಕ್ಕವನ್ನು ಬರೆದುಕೊಡಲು ಒಪ್ಪಿಕೊಂಡರು, ದಶಕಗಟ್ಟಲೆ ಬರೆದುಕೊಟ್ಟರು. ಅವರಲ್ಲಿ ನಾರಿನ ಪದಾರ್ಥ, ಅದರಲ್ಲೂ ಹಣ್ಣು, ಹೆಚ್ಚು ತಿಂದವರಿಗೆ ಕ್ರೋನ್ಸ್ ಕಡಿಮೆ ಬಂತು. ಮೈ ಬಗ್ಗಿಸಿ ಓಡಾಡಿದವರಿಗೂ ಅಷ್ಟೇ. ಐಬುಪ್ರೊಫೆನ್ ಥರದ ನೋವಿನ ಮಾತ್ರೆಯನ್ನು ತಿಂಗಳಲ್ಲಿ ಕನಿಷ್ಠ 15 ದಿನ ನುಂಗಿದವರಲ್ಲಿ ಎರಡು ಕಾಯಿಲೆಗಳೂ ಹೆಚ್ಚು ಕಂಡವು. ಬದನಗುಪ್ಪೆಯಲ್ಲಿ ನೈಟ್ ಶಿಫ್ಟ್ ಮಾಡುವ ನಿನ್ನ ಸ್ನೇಹಿತನಿಗೆ ಇದನ್ನೂ ಹೇಳು: ರಾತ್ರಿ ಪಾಳಿ ಮಾಡಿದ್ದಕ್ಕೇ ಕಾಯಿಲೆ ಬಂದದ್ದು ಅಲ್ಲಿ ಕಾಣಲಿಲ್ಲ. ನಿದ್ದೆ ಆರು ಗಂಟೆಗೂ ಕಡಿಮೆ ಆದವರಲ್ಲಿ ಕೊಲೈಟಿಸ್ ಹೆಚ್ಚಿತ್ತು. ಶಿಫ್ಟು ಮಾಲೀಕನ ಕೈಯಲ್ಲಿದೆ, ಹಗಲು ಮಲಗಬೇಕಾದ ಹೊತ್ತಲ್ಲಿ ಹಿಡಿಯುವ ಮೊಬೈಲು ಯಾರ ಕೈಯಲ್ಲಿದೆ? 2009ರಿಂದ ಬಂಡೀಪುರದ ದಾರಿಯನ್ನು ರಾತ್ರಿ 9ಕ್ಕೆ ಮುಚ್ಚಿ ಆನೆ, ಹುಲಿಗಳಿಗೆ ನೆಮ್ಮದಿ ಕೊಟ್ಟಿದ್ದಾರೆ. ನಮ್ಮ ಹುಡುಗರಿಗೆ ಗೇಟು ಹಾಕುವವರು ಯಾರೂ ಇಲ್ಲ.

ಸಿಗರೇಟಿನ ವಿಷಯ ಸ್ವಲ್ಪ ಗೋಜಲು. ಸೇದುವವರಿಗೆ ಕ್ರೋನ್ಸ್ ಬರುವ ಸಾಧ್ಯತೆ ಹೆಚ್ಚುಕಡಿಮೆ ಇಮ್ಮಡಿ. ಕೊಲೈಟಿಸ್ ಮಾತ್ರ ಸೇದುವವರಲ್ಲಿ ಕಡಿಮೆ, ಬಿಟ್ಟವರಲ್ಲಿ ಹೆಚ್ಚು. ಇದನ್ನು ಎಲ್ಲೋ ಓದಿಕೊಂಡು ನಿನ್ನ ಸ್ನೇಹಿತ ಪ್ಯಾಕು ತೆಗೆದಾನು! ಶ್ವಾಸಕೋಶ, ಹೃದಯ ಎರಡನ್ನೂ ಅಡ ಇಟ್ಟು ಕರುಳು ಬಿಡಿಸಿಕೊಳ್ಳುವ ವ್ಯಾಪಾರ ಅದು.

ತಿನ್ನುವುದರ ಬಗ್ಗೆ ನನಗೆ ಹೊಟ್ಟೆಯುರಿ ಇದೆ. ತೆರಕಣಾಂಬಿ ಮಾರುಕಟ್ಟೆಯಿಂದ ಬೀನ್ಸು, ಎಲೆಕೋಸು, ಟೊಮೆಟೊ ಲಾರಿ ತುಂಬಿ ಕೇರಳಕ್ಕೆ ಹೋಗುತ್ತವೆ. ಅದನ್ನು ಬೆಳೆದವನ ಮಗ ರೂಮಿನಲ್ಲಿ ಕಪ್ ನೂಡಲ್ಸಿಗೆ ಬಿಸಿನೀರು ಸುರಿಯುತ್ತಾನೆ, ಮೇಲೊಂದು ಬಣ್ಣದ ಸೋಡಾ, ಚಿಪ್ಸು. 21 ದೇಶಗಳ 1.16 ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿದ ಪ್ಯೂರ್ ಎಂಬ ಅಧ್ಯಯನ ಇದೆ. ನಮ್ಮ ದೇಶವೂ ಅದರಲ್ಲಿತ್ತು, ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ದುಡಿದಿದ್ದರು. 2021ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ದಿನಕ್ಕೆ ಐದು ಸಲವೋ ಅದಕ್ಕೂ ಹೆಚ್ಚೋ ಇಂಥ ಕಾರ್ಖಾನೆ ತಿನಿಸು ತಿಂದವರಿಗೆ ಐಬಿಡಿ ಬರುವ ಸಂಭವ, ಒಂದು ಸಲಕ್ಕೂ ಕಡಿಮೆ ತಿಂದವರಿಗಿಂತ ಶೇ. 80ರಷ್ಟು ಹೆಚ್ಚು. ಬಾಡೂಟಕ್ಕೂ ಕಾಯಿಲೆಗೂ ಅಲ್ಲಿ ನಂಟು ಕಾಣಲಿಲ್ಲ, ಹಾಗಾಗಿ ನಿಮ್ಮಪ್ಪನ ಜೊತೆ ಜಗಳ ಬೇಡ. ಮುದ್ದೆ, ಉಪ್ಸಾರು, ಹುರುಳಿ, ಹಿತ್ತಲ ಗಣಿಕೆ ಸೊಪ್ಪು, ಒಂದು ಸೀಬೆಕಾಯಿ ಸಾಕು.

ಆದರೆ ಮಗ, ಇದನ್ನೆಲ್ಲ ಓದಿ 'ನಾನೇ ತಂದುಕೊಂಡೆ' ಅಂತ ಅವನು ಕೊರಗಬಾರದು. ಆ ಚೆಂಡುಹೂವಿನ ಹುಡುಗಿ ಪೊಟ್ಟಣ ತಿಂದವಳಲ್ಲ, ಮೈಬಗ್ಗಿಸಿ ದುಡಿದವಳು. ಆದರೂ ಬಂತು. ಅಭ್ಯಾಸ ಒಳ್ಳೆಯದಿದ್ದರೆ ತಕ್ಕಡಿ ನಮ್ಮ ಕಡೆ ಸ್ವಲ್ಪ ವಾಲುತ್ತದೆ, ಅಷ್ಟೇ. ಬಂದ ಮೇಲೆ ಮುದ್ದೆ ಸೊಪ್ಪು ಮದ್ದೂ ಅಲ್ಲ. ಕರುಳು ಕಿರಿದಾಗಿದ್ದರೆ ಒರಟು ನಾರು ತಿಂದು ಕಟ್ಟಿಕೊಳ್ಳಬಹುದು. ಮೆಡಿಕಲ್ ಶಾಪಿನ ಪುಡಿಯನ್ನೋ, ಸ್ಟೀರಾಯ್ಡನ್ನೋ ತಾನಾಗಿ ನುಂಗುವುದಂತೂ ಬೇಡವೇ ಬೇಡ. ನಮ್ಮ ಕಡೆ ಕರುಳಿನ ಕ್ಷಯವೂ ಥೇಟ್ ಕ್ರೋನ್ಸ್ ಥರವೇ ಕಾಣುತ್ತದೆ. ಕ್ಷಯಕ್ಕೆ ಸ್ಟೀರಾಯ್ಡ್ ಬಿದ್ದರೆ ಉರಿಯುವ ಒಲೆಗೆ ಎಣ್ಣೆ. ಯಾವುದು ಅಂತ ತಿಳಿಯಲು ಮಲ, ರಕ್ತ ಪರೀಕ್ಷೆ, ಕೊಲೊನೋಸ್ಕೋಪಿ, ಚೂರು ಮಾಂಸ ತೆಗೆದು ನೋಡುವುದು, ಇದೆಲ್ಲ ಬೇಕು. ಬರೀ ಮೂಲವ್ಯಾಧಿಯೇ ಆಗಿದ್ದರೆ ನಕ್ಕುಕೊಂಡು ಮನೆಗೆ ಬರೋಣ.

ಚಾಮರಾಜನಗರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ಫಿಜಿಷಿಯನ್‌ಗೆ ತೋರಿಸೋಣ. ನಿನ್ನ ವಾರದ ರಜೆ ಯಾವತ್ತು ಹೇಳು, ಬೆಳಗ್ಗೆ ಎಂಟಕ್ಕೆ ಗುಂಡ್ಲುಪೇಟೆಯಿಂದ ಬಸ್ಸು ಹತ್ತುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರು. ಸ್ನೇಹಿತನನ್ನೂ ಕರೆದುಕೊಂಡು ಬಾ. ಅವನಿಗೆ ಅವತ್ತು ಕೆಲಸ ಇದ್ದರೆ ನೀನೊಬ್ಬನೇ ಬಾ. ನಿಮ್ಮಮ್ಮನಿಗೆ ನಾನು ಇನ್ನೂ ಹೇಳಿಲ್ಲ.