ಲಿನಕ್ಸ್ ಮತ್ತು ಅದರ ದುಭಾಷಿ



ಮನೆಗೆ ಬಂದ ಮರಾಠಿ ನೋಟೀಸನ್ನು ಓದಿ ತಾಯಿಗೆ ಕನ್ನಡದಲ್ಲಿ ತಿಳಿಸುವ ಕೆಲಸವನ್ನು ನಿಮ್ಮಲ್ಲಿ ಬಹುಮಂದಿ ಮಾಡಿರುವಿರಿ. ನೋಟೀಸು ಸರಿಯಾಗಿದ್ದರೂ ಹೇಳುವವನು ಒಂದು ಮಾತನ್ನು ಹಿಂದುಮುಂದು ಮಾಡಿದರೆ ಏನಾದೀತು? ನಳದಲ್ಲಿ ನೀರು ಬಾರದ ದಿನವೇ ಮನೆಯ ಕೊಡಗಳು ಬರಿದಾಗಿರುವುವು. ಗಣಕಯಂತ್ರಕ್ಕೂ ಇಂಥ ಒಂದು ದುಭಾಷಿಯುಂಟು. ಅದರ ಹೆಸರು ಕಂಪೈಲರ್. ಮನುಷ್ಯರು ಬರೆದ ಪ್ರೋಗ್ರಾಮನ್ನು ಅದು ಯಂತ್ರಕ್ಕೆ ತಿಳಿಯುವ ಆಜ್ಞೆಗಳನ್ನಾಗಿ ಮಾರ್ಪಡಿಸುತ್ತದೆ.

೧೯೯೧ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ಆರಂಭಿಸಿದ ಲಿನಕ್ಸ್ ಕರ್ನೆಲ್ ಬಹುಮಟ್ಟಿಗೆ ಸಿ ಭಾಷೆಯಲ್ಲಿದೆ. ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದೂ ಇದೇ. ಇದರ ಮೂಲಪಾಠವನ್ನು ಯಾರು ಬೇಕಾದರೂ ಪಡೆದು ತಮ್ಮ ಯಂತ್ರಕ್ಕೆ ಕಂಪೈಲ್ ಮಾಡಿಕೊಳ್ಳಬಹುದು. ಆದರೆ ಒಂದು ನಿಬಂಧನೆಯುಂಟು: ಜಿಸಿಸಿ ಎಂಬ ಕಂಪೈಲರ್ ಆದರೆ, ಗೊತ್ತುಪಡಿಸಿದ ಆವೃತ್ತಿಗಿಂತ ಹಳೆಯದು ಸಲ್ಲದು. ಬಹುಕಾಲ ಈ ಮಿತಿ ೩.೨ ಆಗಿತ್ತು. ೨೦೧೮ರಲ್ಲಿ ೪.೬ ಆಯಿತು, ೨೦೨೦ರಲ್ಲಿ ಮೊದಲು ೪.೮, ಅದೇ ವರ್ಷ ಮತ್ತೆ ೪.೯.

ಉಚಿತವಾಗಿ ಕೊಡುವವರು ಹೀಗೆ ಬಾಗಿಲನ್ನು ಕಿರಿದುಮಾಡುವುದೇಕೆ? ಹಳೆಯ ಕಂಪೈಲರುಗಳ ದೋಷಗಳನ್ನು ತಪ್ಪಿಸಲು ಮೂಲಪಾಠದಲ್ಲಿ ಸುತ್ತುದಾರಿಗಳನ್ನು ಬರೆಯಬೇಕಾಗುತ್ತಿತ್ತು; ಓದುವವನಿಗೆ ಅವುಗಳಿಂದ ತೊಡಕೇ ಹೆಚ್ಚು. ಇದಕ್ಕಿಂತ ಘನವಾದ ಕಾರಣವನ್ನು ಒಂದು ಪ್ರಸಂಗದಿಂದ ತಿಳಿಯೋಣ.

ಎಕ್ಸ್ಟ್೪ ಎಂಬ ಕಡತವ್ಯವಸ್ಥೆಯು ತನ್ನ ದಾಖಲೆಗಳೊಂದಿಗೆ ಒಂದು ತಾಳೆಯ ಮೊತ್ತವನ್ನೂ ಬರೆದಿಡುತ್ತದೆ. ಓದುವಾಗ ಮೊತ್ತವನ್ನು ಮರಳಿ ಎಣಿಸಿ ನೋಡುತ್ತದೆ. ಹೊಂದದಿದ್ದರೆ ದಾಖಲೆ ಕೆಟ್ಟಿದೆಯೆಂದು ಸಾರುತ್ತದೆ. ಆರ್ಮ್ ಜಾತಿಯ ೬೪ ಬಿಟ್ ಯಂತ್ರವೊಂದರಲ್ಲಿ ಹೀಗೆ ಅಪರೂಪಕ್ಕೊಮ್ಮೆ ಆಗುತ್ತಿತ್ತು. ರಸೆಲ್ ಕಿಂಗ್ ಎಂಬ ನುರಿತ ತಜ್ಞರು ಬೆನ್ನುಹತ್ತಿ ಶೋಧಿಸಿದರು. ೨೦೨೧ರ ಜನವರಿಯಲ್ಲಿ ನಿಜ ಹೊರಬಿತ್ತು: ಎಣಿಕೆಯೇ ಕೆಡುತ್ತಿತ್ತು, ಕೆಡಿಸುತ್ತಿದ್ದುದು ಕಂಪೈಲರ್!

ಅದು ಹೇಗೆಂದರೆ: ಪ್ರೋಗ್ರಾಮಿನ ಪ್ರತಿ ಭಾಗವೂ ತನ್ನ ತಾತ್ಕಾಲಿಕ ಲೆಕ್ಕಕ್ಕಾಗಿ ಸ್ಮೃತಿಯಲ್ಲಿ ಸ್ವಲ್ಪ ಜಾಗವನ್ನು ಹಿಡಿದು, ಕೆಲಸ ಮುಗಿದ ಬಳಿಕ ಬಿಟ್ಟುಕೊಡುತ್ತದೆ. ಜಿಸಿಸಿ ೪.೯ ಕೆಲವೊಮ್ಮೆ ಜಾಗವನ್ನು ಮೊದಲು ಬಿಟ್ಟು, ಅಲ್ಲಿದ್ದ ಬೆಲೆಯನ್ನು ಆಮೇಲೆ ಓದುವಂತೆ ಆಜ್ಞೆಗಳನ್ನು ಜೋಡಿಸುತ್ತಿತ್ತು. ಲೋಕಲ್ ಗಾಡಿಯಲ್ಲಿ ಚೀಲವನ್ನು ಸೀಟಿನ ಮೇಲೆಯೇ ಬಿಟ್ಟು ಎದ್ದು ನಿಂತಂತೆ. ಮರುಕ್ಷಣವೇ ತಿರುಗಿ ತೆಗೆದುಕೊಂಡರೆ ಚೀಲ ಸಿಕ್ಕೀತು. ನಡುವೆ ಒಬ್ಬನು ಬಂದು ಕುಳಿತನೋ, ಗತಿಯೇನು? ಆ ಎರಡು ಆಜ್ಞೆಗಳ ನಡುವಿನ ಕ್ಷಣದಲ್ಲಿಯೇ ಯಂತ್ರಕ್ಕೆ ಬೇರೊಂದು ತುರ್ತು ಕರೆ ಬಂದರೆ, ಆ ಕೆಲಸವು ಬಿಟ್ಟ ಜಾಗದಲ್ಲಿ ತನ್ನದನ್ನು ಬರೆದುಬಿಡುತ್ತಿತ್ತು. ಆದುದರಿಂದಲೇ ಈ ದೋಷ ಎಂದೋ ಒಮ್ಮೆ ಮಾತ್ರ ಕಾಣುತ್ತಿತ್ತು. ಸಾವಿರ ಸಲ ಸರಿಯಾಗಿ ನಡೆದು ಒಮ್ಮೆ ತಪ್ಪುವ ಯಂತ್ರವು ಸದಾ ತಪ್ಪುವ ಯಂತ್ರಕ್ಕಿಂತ ಅಪಾಯಕಾರಿಯೆಂದು ನಾವು ಎಣಿಸುತ್ತೇವೆ.

ಜಿಸಿಸಿ ೫.೧ರಲ್ಲಿ ಈ ದೋಷವಿಲ್ಲ. ಕೂಡಲೇ ಆ ಜಾತಿಯ ಯಂತ್ರಗಳಿಗೆ ೫.೧ನ್ನು ಕಡ್ಡಾಯ ಮಾಡಿದರು, ೪.೯ನ್ನು ಒಪ್ಪಿ ಆಗ ಕೇವಲ ಆರು ತಿಂಗಳಾಗಿತ್ತು. ಅದೇ ವರ್ಷದಲ್ಲಿ ೫.೧ ಎಲ್ಲ ಯಂತ್ರಗಳಿಗೂ ಅನ್ವಯಿಸಿತು. ಇದರ ಫಲವಾಗಿ, ಅದುವರೆಗೆ ೧೯೮೯ರ ಸಿ ಭಾಷೆಯನ್ನೇ ಹಿಡಿದಿದ್ದ ಕರ್ನೆಲ್ ೨೦೨೨ರಲ್ಲಿ ೨೦೧೧ರ ಸಿ ಭಾಷೆಗೆ ಬರಲು ಸಾಧ್ಯವಾಯಿತು.

ಇದರಿಂದ ಕಷ್ಟಪಟ್ಟವರೂ ಇದ್ದಾರೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ೭ರೊಡನೆ ಬಂದ ಜಿಸಿಸಿ ೪.೮ ಮಾತ್ರ. ಹಳೆಯ ಯಂತ್ರವನ್ನೇ ನೆಚ್ಚಿದವರ ಗೊಣಗಾಟವನ್ನು ನಾವು ಹಗುರವಾಗಿ ಕಾಣಲಾರೆವು. ನಮ್ಮ ಶಾಲೆಗಳ ಪ್ರಯೋಗಾಲಯಗಳಲ್ಲಿ ಹೊಸತು ಎಷ್ಟಿರುತ್ತದೆಂಬುದು ನಿಮಗೆ ಗೊತ್ತೇ ಇದೆ. ಆದರೆ ಜಿಸಿಸಿಗೆ ಹಣ ಕೊಡಬೇಕಾಗಿಲ್ಲ. ಮತ್ತೊಂದು ಸೋಜಿಗ: ಜಿಸಿಸಿಯೂ ಒಂದು ಪ್ರೋಗ್ರಾಮೇ ಆದುದರಿಂದ ಹಳೆಯ ೪.೮ರಿಂದಲೇ ೫.೧ನ್ನು ಕಂಪೈಲ್ ಮಾಡಿಕೊಳ್ಳಬಹುದು. ತಾಳ್ಮೆ ಮಾತ್ರ ಬೇಕು.

೨೦೨೫ರಲ್ಲಿ ಬಂದ ಕರ್ನೆಲ್ ೬.೧೬ ಈ ಮಿತಿಯನ್ನು ೮.೧ಕ್ಕೆ ಏರಿಸಿತು. ಆ ಆವೃತ್ತಿ ಪ್ರಕಟವಾದುದು ೨೦೧೮ರಲ್ಲಿ. ನಮ್ಮ ಶಾಲೆಯ ಗಣಕಯಂತ್ರದಲ್ಲಿ ಎಷ್ಟನೆಯದು ಇದೆಯೆಂದು ನೋಡಬಯಸುವವರು ಶನಿವಾರ ತರಗತಿ ಮುಗಿದ ಬಳಿಕ ಬರಲಿ, ಕೂಡಿಯೇ ನೋಡೋಣ.